ಅಕಾಲದ ಹಿಮ, ಅಮ್ಮನ ಜ್ವರ, ನಾಲ್ಕು ಕಾಲಂ ಲೆಕ್ಕ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಫೀಸಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಗಿಸ್ಕೊಂಡು ಕದ್ದು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಸಾಮಾನ್ಯವಾಗಿ ಇಲ್ಲಿ ದುಡ್ಡಿನ ವಿಷಯ ಮಾತಾಡ್ತೀವಿ. ಇವತ್ತಿನದು ಜ್ವರದ ವಿಷಯ. ಆದ್ರೆ ನಾನು ಓದಿರೋದು ಬಿ.ಕಾಂ. ಹಾಗಾಗಿ ಜ್ವರದ ಕಥೆಯಲ್ಲೂ ಲೆಕ್ಕ ಬಂದೇ ಬರುತ್ತೆ.

ವಿಷಯ ಇಷ್ಟೇ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ. ಹೊರಗೆ ಇನ್ನೂ ಹಿಮದ ಕಾಲವೇ ಅಲ್ಲ, ಆದರೂ ಹಿಮ ಸುರೀತಿದೆ. ಆಗ ಏನು ಮಾಡ್ಬೇಕು? "ನಮ್ಮೂರಲ್ಲಿ ಎಲ್ಲಿ ಹಿಮ ಮಾರಾಯ್ತಿ" ಅಂತ ಆಫ್ ಮಾಡ್ಬೇಡಿ. ನಿಮ್ಮ ಅಕ್ಕನೋ ಅಣ್ಣನೋ ಕೆನಡಾದಲ್ಲೋ ಅಮೆರಿಕಾದಲ್ಲೋ ಇರ್ಬಹುದು. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಅಲ್ಲಿಗೆ ಹೊರಟಿರ್ಬಹುದು. ನೀವೇ ಮುಂದಿನ ವರ್ಷ ಓದೋಕೆ ಹೋಗ್ಬಹುದು. ಇದು ಅವರೆಲ್ಲರಿಗೂ.

ನಾನಿರೋದು ಕ್ಯಾಲ್ಗರಿಯಲ್ಲಿ. ಕೆನಡಾದ ಆಲ್ಬರ್ಟಾ ಪ್ರಾಂತ್ಯ, ರಾಕಿ ಪರ್ವತಗಳ ಪೂರ್ವಕ್ಕೆ. ಹಗಲು ಒಂದು ಚಿಕ್ಕ ಕಂಪನಿಯಲ್ಲಿ ಲೆಕ್ಕ ಬರೀತೀನಿ, ರಾತ್ರಿ ಈ ಮೈಕ್ ಮುಂದೆ ಕೂರ್ತೀನಿ. ಇಲ್ಲಿ ಚಳಿಗಾಲದ ಹಿಮಕ್ಕೆ ಯಾರೂ ಹೆದರಲ್ಲ. ಡಿಸೆಂಬರ್ ಬರೋ ಹೊತ್ತಿಗೆ ಟೈರ್ ಬದಲಾಗಿರುತ್ತೆ, ಬೂಟು ಕೋಟು ಬಾಗಿಲ ಹತ್ರ ಇರುತ್ತೆ. ತೊಂದರೆ ಕೊಡೋದು ಸೆಪ್ಟೆಂಬರ್, ಅಕ್ಟೋಬರ್ ಹಿಮ. ಆಗ ಮರದಲ್ಲಿ ಇನ್ನೂ ಎಲೆ ಇರುತ್ತೆ. ಸೊನ್ನೆ ಡಿಗ್ರಿ ಆಸುಪಾಸಲ್ಲಿ ಬೀಳೋ ಹಿಮದಲ್ಲಿ ನೀರಿನ ಅಂಶ ಜಾಸ್ತಿ, ಅದು ಎಲೆಗೆ ಅಂಟ್ಕೊಂಡು ಭಾರ ಆಗುತ್ತೆ, ಕೊಂಬೆ ಮುರಿಯುತ್ತೆ, ಕರೆಂಟ್ ತಂತಿ ಮೇಲೆ ಬೀಳುತ್ತೆ. 2014ರ ಸೆಪ್ಟೆಂಬರ್ ಎರಡನೇ ವಾರ ಇಲ್ಲಿ ಆಗಿದ್ದು ಅದೇ. ಜನ ಅದಕ್ಕೆ ಈಗಲೂ ‘ಸ್ನೋಟೆಂಬರ್’ ಅಂತಾರೆ. 2018ರ ಅಕ್ಟೋಬರ್ 2ರಂದು ಬಿದ್ದ ಹಿಮ ಎಷ್ಟಿತ್ತು ಅಂದ್ರೆ, ರಸ್ತೆ ಬಿಡಿಸೋಕೆ ಸುಮಾರು 300 ಕಿಲೋಮೀಟರ್ ದೂರದ ಎಡ್ಮಂಟನ್ ನಗರದಿಂದ ಗಾಡಿ, ಜನ ಬರ್ಬೇಕಾಯ್ತು. ಇದೊಂದು ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

ಈಗ ಅಮ್ಮನ ವಿಷಯ. ಅಮ್ಮನಿಗೆ 61. ತೀರ್ಥಹಳ್ಳಿ ಕಡೆಯವಳು. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಎರಡಕ್ಕೂ ಮಾತ್ರೆ ತಗೋತಾಳೆ. ನನ್ನ ಜೊತೆ ಇರೋಕೆ ಬಂದು ಎರಡು ತಿಂಗಳಾಗಿತ್ತು. ಅಕ್ಟೋಬರ್ ಮೊದಲ ವಾರ, ಭಾನುವಾರ ರಾತ್ರಿ ಮೈಕೈ ನೋವು ಅಂದ್ಲು, ಸೋಮವಾರ ಬೆಳಿಗ್ಗೆ 102 ಜ್ವರ. ಅವತ್ತು ಮಧ್ಯಾಹ್ನದಿಂದ ಹಿಮ ಶುರು. ಸಂಜೆ ಹೊತ್ತಿಗೆ ಪಾದ ಮುಳುಗೋಷ್ಟು. ನನ್ನ ಕಾರಿಗೆ ಚಳಿಗಾಲದ ಟೈರ್ ಹಾಕ್ಸೋಕೆ ಬುಕಿಂಗ್ ಇದ್ದಿದ್ದು ಮೂರನೇ ವಾರಕ್ಕೆ.

ಅಮ್ಮ ಮೊದಲು ಹೇಳಿದ ಮಾತು, "ಆಸ್ಪತ್ರೆ ಬೇಡ. ಸುಮ್ನೆ ಡಾಲರ್ ಖರ್ಚು. ಮೆಣಸಿನ ಸಾರು ಕುಡಿದು ಬೆವರಿದ್ರೆ ಇಳಿಯುತ್ತೆ, ಪುಟ್ಟಿ."

ನಮ್ಮಲ್ಲಿ ಅಮ್ಮಂದಿರೆಲ್ಲ ಹೇಳೋದು ಹೀಗೇ. ಮೆಣಸಿನ ಸಾರು, ಗಂಜಿ, ಶುಂಠಿ ಕಷಾಯ ಎಲ್ಲ ಮಾಡಿದೆ. ಒಳ್ಳೇದೇ, ಹೊಟ್ಟೆಗೆ ನೀರು ಹೋಗುತ್ತೆ. ಹೀಟರ್ ಗಾಳಿ ಇಲ್ಲಿ ತುಂಬಾ ಒಣ, ಗಂಟಲು ಮೂಗು ಒಣಗುತ್ತೆ, ಹಾಗಾಗಿ ಬಿಸಿಬಿಸಿ ಏನಾದ್ರೂ ಕುಡೀತಾ ಇದ್ರೆ ಹಿತ. ಆದ್ರೆ ಸಾರಿನ ಜೊತೆ ನಾನು ಇನ್ನೊಂದು ಕೆಲಸ ಮಾಡಿದೆ. ಒಂದು ನೋಟ್‌ಬುಕ್ ತಗೊಂಡು ನಾಲ್ಕು ಕಾಲಂ ಎಳೆದೆ. ಗಂಟೆ. ಜ್ವರ. ಕೊಟ್ಟ ಮಾತ್ರೆ, ಎಷ್ಟು ಮಿಲಿಗ್ರಾಂ ಅನ್ನೋದರ ಸಮೇತ. ಕುಡಿದ ನೀರು ಮತ್ತು ಮೂತ್ರಕ್ಕೆ ಹೋಗಿದ್ದು ಎಷ್ಟು ಸಲ. ಅಷ್ಟೇ. ಕಾಮರ್ಸ್ ಓದಿದವರಿಗೆ ಇದು ರಕ್ತದಲ್ಲೇ ಇರುತ್ತೆ, ಬರೆಯದೇ ಇರೋ ಎಂಟ್ರಿ ನಡೆದೇ ಇಲ್ಲ ಅಂತ ಅರ್ಥ.

ಇದ್ರಿಂದ ಏನು ಉಪಯೋಗ? ಮೊದಲನೇದು, ಮಾತ್ರೆ. ಅಮ್ಮನ ಚೀಲದಲ್ಲಿ ಊರಿಂದ ತಂದ ಡೋಲೋ 650. ನನ್ನ ಡ್ರಾಯರಲ್ಲಿ ಇಲ್ಲಿನ ಟೈಲೆನಾಲ್. ಜೊತೆಗೆ ಶೀತಕ್ಕೆ ಅಂತ ರಾತ್ರಿ ಕುಡಿಯೋ ಒಂದು ಸಿರಪ್. ಹೆಸರು ಮೂರು, ಒಳಗಿರೋ ಔಷಧಿ ಒಂದೇ. ನಮ್ಮೂರಲ್ಲಿ ಪ್ಯಾರಾಸಿಟಮಾಲ್ ಅನ್ನೋದನ್ನೇ ಇಲ್ಲಿ ಅಸೆಟಮಿನೋಫೆನ್ ಅಂತಾರೆ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಅನ್ನೋದು ದಾಟಬಾರದ ಗೆರೆ. ಡೋಲೋ 650 ಆರು ತಗೊಂಡ್ರೆ ಅಲ್ಲಿಗೇ 3.9 ಗ್ರಾಂ. ಅದರ ಮೇಲೆ ಟೈಲೆನಾಲ್, ಅದರ ಮೇಲೆ ಸಿರಪ್ ಅಂದ್ರೆ ಲಿವರ್‌ಗೆ ಪೆಟ್ಟು. ಲಿವರ್ ಕಾಯಿಲೆ ಇರೋರಿಗೆ ಆ ಗೆರೆ ಇನ್ನೂ ಕೆಳಗೆ, ಅವರು ಡಾಕ್ಟರನ್ನ ಕೇಳ್ಲೇಬೇಕು. ಮೂಗು ಬಿಡಿಸೋ ಮಾತ್ರೆಗಳಲ್ಲಿ ಕೆಲವು ಬಿಪಿ ಏರಿಸುತ್ತವೆ. ಹಾಗಾಗಿ ನಮ್ಮ ಮನೆಯಲ್ಲಿ ನಿಯಮ ಒಂದು: ಜ್ವರಕ್ಕೆ ಒಂದೇ ಡಬ್ಬಿ, ಉಳಿದಿದ್ದು ಕಪಾಟಿಗೆ.

ಎರಡನೇದು, ಫೋನಲ್ಲಿ ಮಾತಾಡುವಾಗ. ಆಲ್ಬರ್ಟಾದಲ್ಲಿ 811 ಅಂತ ಒಂದು ನಂಬರ್ ಇದೆ. ಯಾವ ಹೊತ್ತಲ್ಲಿ ಮಾಡಿದ್ರೂ ರಿಜಿಸ್ಟರ್ಡ್ ನರ್ಸ್ ಸಿಗ್ತಾರೆ, ದುಡ್ಡಿಲ್ಲ. ಮನೆಯಲ್ಲೇ ಇರ್ಬಹುದಾ, ಕ್ಲಿನಿಕ್‌ಗೆ ಹೋಗ್ಬೇಕಾ, ಆಂಬ್ಯುಲೆನ್ಸ್ ಬೇಕಾ ಅಂತ ಹೇಳ್ತಾರೆ. ನಾನು ಸಂಜೆ ಐದೂವರೆಗೆ ಮಾಡಿದೆ. ಅವರು ಮೊದಲು ಕೇಳಿದ್ದೇ, ಜ್ವರ ಎಷ್ಟು? ಇಲ್ಲಿ ಲೆಕ್ಕ ಸೆಲ್ಸಿಯಸ್‌ನಲ್ಲಿ. ನಮ್ಮ 102 ಅವರಿಗೆ 38.9. ಊರಿಂದ ತಂದ ಥರ್ಮಾಮೀಟರ್ ಇದ್ರೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿಡಿ: 100.4 ಅಂದ್ರೆ 38, 102 ಅಂದ್ರೆ 38.9, 104 ಅಂದ್ರೆ 40. ಗಾಬರಿಯಲ್ಲಿ ಇರೋವಾಗ ಗುಣಾಕಾರ ಭಾಗಾಕಾರ ಯಾರಿಗೂ ಬರಲ್ಲ.

ಆಮೇಲೆ ಆಮ್ಲಜನಕ. ಬೆರಳಿಗೆ ಸಿಗಿಸೋ ಆಕ್ಸಿಮೀಟರ್ 89 ತೋರಿಸ್ತು. ನನ್ನ ಎದೆ ಧಸಕ್ ಅಂತು. ನರ್ಸ್ ಕೇಳಿದ್ರು, "ಕೈ ತಣ್ಣಗಿದೆಯಾ?" ಐಸ್ ಥರ ಇತ್ತು. ಬೆರಳು ತಣ್ಣಗಿದ್ರೆ, ಉಗುರಿಗೆ ಬಣ್ಣ ಇದ್ರೆ ಆ ಯಂತ್ರ ತಪ್ಪು ತೋರಿಸಬಹುದು. ಬಿಸಿನೀರಿನ ಚೀಲ ಹಿಡಿಸಿ ಐದು ನಿಮಿಷ ಬಿಟ್ಟು ನೋಡಿದ್ರೆ 94. ಸ್ವಲ್ಪ ಉಸಿರು ಬಂತು, ನನಗೆ. ಆದ್ರೆ ನೋಟ್‌ಬುಕ್ ನೋಡಿ ನಾನು ಓದಿದ ನಾಲ್ಕನೇ ಕಾಲಂ ಅವರಿಗೆ ಇಷ್ಟ ಆಗ್ಲಿಲ್ಲ. ಬೆಳಿಗ್ಗೆಯಿಂದ ಒಂದೂವರೆ ಲೋಟ ನೀರು, ಮೂತ್ರಕ್ಕೆ ಹೋಗಿದ್ದು ಒಂದೇ ಸಲ. ಸಕ್ಕರೆ ಕಾಯಿಲೆ, ಒಣಗಿದ ಮೈ, ಬೆಳಿಗ್ಗೆಯಿಂದ ಇಳಿಯದ ಜ್ವರ. "ನಾಳೆವರೆಗೆ ಕಾಯಬೇಡಿ, ಇವತ್ತೇ ತೋರಿಸಿ" ಅಂದ್ರು. ಊಟ ಸೇರದೆ ವಾಂತಿ ಆಗ್ತಿದ್ರೆ ಸಕ್ಕರೆ, ಬಿಪಿಯ ಕೆಲವು ಮಾತ್ರೆಗಳನ್ನ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತೆ, ಅದನ್ನೂ ಡಾಕ್ಟರನ್ನ ಕೇಳಿ ಅಂದ್ರು. ಹಾಗೇ ಇನ್ನೊಂದು ಮಾತು: ಇದು ಫ್ಲೂ ಆಗಿದ್ರೆ ಅದಕ್ಕೆ ಕೊಡೋ ಆಂಟಿವೈರಲ್ ಮಾತ್ರೆ, ಲಕ್ಷಣ ಶುರುವಾದ 48 ಗಂಟೆ ಒಳಗೆ ಕೊಟ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ನಮ್ಮ ಗಡಿಯಾರ ಭಾನುವಾರ ರಾತ್ರಿಯಿಂದಲೇ ಓಡ್ತಾ ಇತ್ತು.

ಅಮ್ಮ ಎದ್ದು ಕೂತ್ಲು. "ಎಷ್ಟಾಗುತ್ತೆ?" ಅಂದ್ಲು. "ಹೇಗಿದ್ದೀನಿ" ಅಂತಲ್ಲ, "ಎಷ್ಟಾಗುತ್ತೆ". ಅಪ್ಪನಿಗೆ ಫೋನ್ ಹಚ್ಚಿದೆ. ಅಲ್ಲಿ ಮಂಗಳವಾರ ಬೆಳಗಿನ ಜಾವ ಐದೂವರೆ, ಹಾಲು ಕರೆಯೋ ಹೊತ್ತು. ಅಪ್ಪ ಒಂದೇ ಮಾತು ಅಂದ್ರು: "ಅವಳ ಮಾತು ಕೇಳ್ಬೇಡ, ಕರ್ಕೊಂಡು ಹೋಗು."

ದುಡ್ಡಿನ ಲೆಕ್ಕವನ್ನೂ ಹೇಳ್ಬಿಡ್ತೀನಿ, ಯಾಕಂದ್ರೆ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ತಡ ಆಗೋದೇ ಇದರಿಂದ. ಭೇಟಿಗೆ ಬಂದ ಅಪ್ಪ ಅಮ್ಮನಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ ಇಲ್ಲ. ಕೆನಡಾದ ಸೂಪರ್ ವೀಸಾದಲ್ಲಿ ಬರೋರು ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ಮೊತ್ತದ ವೈದ್ಯಕೀಯ ವಿಮೆ ಮಾಡಿಸಿರಲೇಬೇಕು. ಅದು ಇದೆ ಅಂತ ಅಪ್ಪ ಅಮ್ಮನಿಗೆ ಎಷ್ಟೋ ಸಲ ಗೊತ್ತೇ ಇರಲ್ಲ, ಪಾಲಿಸಿ ಮಕ್ಕಳ ಇಮೇಲಲ್ಲಿ ಮಲಗಿರುತ್ತೆ. ಅದರಲ್ಲಿ ಮೂರು ಸಾಲು ಓದಿ ಸಾಕು. ಒಂದು, ಡಿಡಕ್ಟಿಬಲ್, ಅಂದ್ರೆ ಮೊದಲ ಎಷ್ಟು ಡಾಲರ್ ನಮ್ಮ ಜೇಬಿಂದ ಹೋಗುತ್ತೆ ಅನ್ನೋದು. ಎರಡು, ಮೊದಲೇ ಇದ್ದ ಕಾಯಿಲೆಗೆ ಏನು ಷರತ್ತು ಅನ್ನೋದು. ಎಷ್ಟೋ ಪಾಲಿಸಿಗಳಲ್ಲಿ, ಹೊರಡೋಕೆ ಮುಂಚೆ ಮಾತ್ರೆಯ ಡೋಸ್ ಬದಲಾಗಿದ್ರೂ ಆ ಕಾಯಿಲೆ ಸ್ಥಿರವಾಗಿಲ್ಲ ಅಂತ ಲೆಕ್ಕ. ಮೂರು, 24 ಗಂಟೆ ಸಹಾಯವಾಣಿ ನಂಬರ್. ತೀರಾ ತುರ್ತು ಅಲ್ಲದಿದ್ರೆ ಚಿಕಿತ್ಸೆಗೆ ಮುಂಚೆ ಅವರಿಗೆ ಫೋನ್ ಮಾಡ್ಬೇಕು ಅಂತ ಇರುತ್ತೆ. ನಾನು ಮಾಡಿದೆ, ಕ್ಲೇಮ್ ನಂಬರ್ ಬರ್ಕೊಂಡೆ. ಅಮ್ಮನಿಗೆ ಪಾಲಿಸಿ ತೋರಿಸಿ, "ಇದಕ್ಕೆ ದುಡ್ಡು ಕೊಟ್ಟಾಗಿದೆ, ಬಳಸದಿದ್ರೆನೇ ನಷ್ಟ" ಅಂದೆ. ಆ ಮಾತು ನಾಟಿತು.

ಇನ್ನು ಹೋಗೋದು ಹೇಗೆ? ಚಳಿಗಾಲದ್ದಲ್ಲದ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗ್ತಾ ಹೋಗುತ್ತೆ, ಹಿಡಿತ ಸಿಗಲ್ಲ. ಟ್ಯಾಕ್ಸಿ ಆಪ್ ಒಂದು ಗಂಟೆ ಕಾಯಿರಿ ಅಂತಿತ್ತು. ನಾವಿರೋದು ಬೇಸ್‌ಮೆಂಟ್ ಮನೆಯಲ್ಲಿ, ಮೇಲಿನ ಮನೆಯಲ್ಲಿ ಒಬ್ಬರು ಪಂಜಾಬಿ ಆಂಟಿ. ಅಮ್ಮನಿಗೆ ಸಂಕೋಚ, "ಬೇರೆಯವರಿಗೆ ಯಾಕೆ ತೊಂದರೆ" ಅಂತ. ಆಗ ನಾನು ಹೇಳಿದ್ದು ಎಡ್ಮಂಟನ್ ಕಥೆ. ಹಿಮ ಬಿದ್ದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಇರೋ ಊರೇ ಪಕ್ಕದ ಊರಿನ ಸಹಾಯ ತಗೊಂಡಿದೆ, ನಾವ್ಯಾವ ಲೆಕ್ಕ? ಬಾಗಿಲು ತಟ್ಟಿದೆ. ಆಂಟಿಯ ಮಗನ ಗಾಡಿಗೆ ಚಳಿಗಾಲದ ಟೈರ್ ಇತ್ತು. ಹತ್ತು ನಿಮಿಷದಲ್ಲಿ ಹೊರಟ್ವಿ. ಹದಿನೈದು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡೀತು. ಹಿಮದ ದಿನದ ಪಾಠ ಇದೇ ನೋಡಿ. ಬೇರೆ ದಿನ "ರಾತ್ರಿ ನೋಡೋಣ" ಅನ್ನಬಹುದು. ಹಿಮ ಬಿದ್ದ ದಿನ ಆ ರಾತ್ರಿಗೆ ದಾರಿ ಇರುತ್ತೋ ಇಲ್ವೋ. ನಿರ್ಧಾರ ಬೆಳಕಿದ್ದಾಗಲೇ ಮಾಡ್ಬೇಕು.

ಫ್ಲೂ ಅಂತ ಗೊತ್ತಾಯ್ತು, ಎದೆಯಲ್ಲಿ ಕಫ ಇಳಿದಿರ್ಲಿಲ್ಲ. ಡ್ರಿಪ್ ಹಾಕಿ, ಆಂಟಿವೈರಲ್ ಕೊಟ್ಟು, ರಾತ್ರಿ ಹನ್ನೊಂದಕ್ಕೆ ಕಳಿಸಿದ್ರು. ಮರುದಿನ ಆಂಟಿ ಖಿಚಡಿ ಕಳಿಸಿದ್ರು. ಅಮ್ಮನಿಗೆ ಹಿಂದಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಈಗ ಇಬ್ಬರೂ ದಿನಾ ಅರ್ಧ ಗಂಟೆ ಮಾತಾಡ್ತಾರೆ, ಏನು ಅಂತ ನನಗಂತೂ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳದೆ ಮುಗಿಸಲ್ಲ, ಇದು ಜೀವದ ಪ್ರಶ್ನೆ. ಆ ವಾರ ಒಂದು ರಾತ್ರಿ ಎರಡು ಗಂಟೆ ಕರೆಂಟ್ ಹೋಯ್ತು, ಹೀಟರ್ ನಿಲ್ತು. ಅಮ್ಮ ಅಂದ್ಲು, "ಅಗ್ಗಿಷ್ಟಿಕೆಯಲ್ಲಿ ನಾಲ್ಕು ಕೆಂಡ ಇದ್ರೆ ಸಾಕಿತ್ತು." ಮಲೆನಾಡಿನ ಹೆಂಚಿನ ಮನೆಯಲ್ಲಿ ಸಂದುಗೊಂದಿಂದ ಗಾಳಿ ಆಡುತ್ತೆ. ಇಲ್ಲಿನ ಮನೆ ಮುಚ್ಚಿದ ಡಬ್ಬಿ. ಒಳಗೆ ಇದ್ದಿಲು, ಬಾರ್ಬೆಕ್ಯೂ, ಜನರೇಟರ್ ಏನೇ ಉರಿಸಿದ್ರೂ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳ್ಳುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಹೀಟರ್‌ನ ಹೊಗೆ ಹೊರಹೋಗೋ ಪೈಪು ಹೊರಗೋಡೆಯಲ್ಲಿದ್ರೆ, ಹಿಮ ಅದನ್ನ ಮುಚ್ಚಿದ್ರೂ ಅಪಾಯ. ಅದರ ಲಕ್ಷಣ ಏನು ಗೊತ್ತಾ? ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಥೇಟ್ ಫ್ಲೂ ಥರ, ಆದ್ರೆ ಜ್ವರ ಇರಲ್ಲ. ಮನೆಯಲ್ಲಿರೋ ಎಲ್ಲರಿಗೂ ಒಟ್ಟಿಗೇ ಶುರುವಾದ್ರೆ, ಹೊರಗೆ ಹೋದಾಗ ಕಡಿಮೆ ಆಗಿ ಒಳಗೆ ಬಂದಾಗ ಜಾಸ್ತಿ ಆದ್ರೆ, ಕಷಾಯ ಮಾಡ್ತಾ ಕೂರಬೇಡಿ. ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ಡಿಟೆಕ್ಟರ್ ಇದೆಯಾ, ಅದರ ಬ್ಯಾಟರಿ ಇದೆಯಾ ಅಂತ ಮೊದಲೇ ನೋಡಿ. ಅವತ್ತು ಅಮ್ಮನಿಗೆ ಎರಡು ಕಂಬಳಿ, ಒಂದು ಟೋಪಿ, ಬಿಸಿನೀರಿನ ಚೀಲ, ಪಕ್ಕದಲ್ಲಿ ನಾನು. ಬೆಚ್ಚಗೇ ಇದ್ದಳು.

ನಾನು ಡಾಕ್ಟರ್ ಅಲ್ಲ, ಇದು ಚಿಕಿತ್ಸೆ ಹೇಳೋ ಪಾಡ್‌ಕಾಸ್ಟೂ ಅಲ್ಲ. ಉಸಿರಾಡೋಕೆ ಕಷ್ಟ, ಎದೆನೋವು, ತುಟಿ ನೀಲಿ, ಮಾತಲ್ಲಿ ಗೊಂದಲ, ಎಬ್ಬಿಸಿದ್ರೂ ಏಳದೇ ಇರೋದು, ಇವುಗಳಲ್ಲಿ ಒಂದಿದ್ರೂ ನೋಟ್‌ಬುಕ್ ಕೂಡ ಬೇಡ, ನೇರ ಆಂಬ್ಯುಲೆನ್ಸ್. ಜ್ವರ ಇಳಿದು ಎರಡು ದಿನ ಬಿಟ್ಟು ಜೋರಾಗಿ ವಾಪಸ್ ಬಂದ್ರೂ ಡಾಕ್ಟರ್ ಹತ್ರ ಹೋಗಿ. ಇದಕ್ಕೆ ಹಿಮ ಇರ್ಬೇಕು ಅಂತಿಲ್ಲ. ಮಳೆಗಾಲದಲ್ಲಿ ಆಗುಂಬೆ ರಸ್ತೆಗೆ ಮರ ಬಿದ್ದಾಗಲೂ ಇದೇ ಲೆಕ್ಕ.

ನಿಮಗೆ ಇವತ್ತಿನ ಹೋಂವರ್ಕ್ ಸಣ್ಣದು. ಅಪ್ಪ ಅಮ್ಮ ತಗೊಳ್ಳೋ ಮಾತ್ರೆಗಳ ಹೆಸರು, ಡೋಸ್ ಕೇಳಿ, ಒಂದು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ. ವಿಮೆ ಇದ್ರೆ ಸಹಾಯವಾಣಿ ನಂಬರ್ ಅದರ ಕೆಳಗೆ. ಐದು ನಿಮಿಷದ ಕೆಲಸ. ಗುಡ್ ಮಾರ್ನಿಂಗ್ ಹೂವಿನ ಫೋಟೋಗಳ ಮಧ್ಯೆ ಅದೂ ಒಂದಿರ್ಲಿ, ಪಿನ್ ಮಾಡಿಡಿ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯಕ್ಕೆ ಬರೋಣ, ಕ್ರೆಡಿಟ್ ಕಾರ್ಡ್ ಬಗ್ಗೆ ನೀವು ಕಳಿಸಿರೋ ಪ್ರಶ್ನೆಗಳು ಬಾಕಿ ಇವೆ. ಅಲ್ಲಿವರೆಗೆ ಹುಷಾರಾಗಿರಿ. ನಮಸ್ಕಾರ.