ಪತಂಗದ ಚಿತ್ರ, ತೊಗರಿಯ ಹೂವು



ನಮ್ಮ ಕವಿಗಳಿಗೆ ಪತಂಗವೆಂದರೆ ದೀಪಕ್ಕೆ ಬಿದ್ದು ಸಾಯುವ ಪ್ರಾಣಿ, ಅಷ್ಟೆ. ಅದು ಯಾವ ಗಿಡವನ್ನು ತಿಂದು ಬೆಳೆಯಿತೆಂದು ಅವರು ಕೇಳಿದವರಲ್ಲ. ಕಲೆಗಾರರ ಹೂವಿನ ವಿಷಯವೂ ಹಾಗೆಯೆ. ಬೀದರಿನ ಬಿದರಿ ಕೆಲಸವನ್ನು ನೋಡಿದವರು ಬಲ್ಲರು: ಸತುವಿಗೆ ತುಸು ತಾಮ್ರ ಬೆರೆಸಿ ಎರಕಹೊಯ್ದ ಹೂಜಿಯ ಮೈಮೇಲೆ ಕಸಬುದಾರನು ಹೂಬಳ್ಳಿಯನ್ನು ಕೊರೆದು, ಆ ಗೀರಿನಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರವನ್ನು ಬೆರೆಸಿ ಪಾತ್ರೆಯನ್ನು ಕಪ್ಪೇರಿಸುತ್ತಾನೆ. ಬೆಳ್ಳಿಯ ಹೂ ಇರುಳಿನಲ್ಲಿ ಅರಳಿದಂತೆ ತೋರುತ್ತದೆ. ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಅಹಮದ್ ಶಾಹನ ಗೋರಿಯ ಒಳಮೈಯಲ್ಲಿಯೂ ಬಣ್ಣದ ಹೂಗಳುಂಟು. ಎಲ್ಲವೂ ಕಣ್ಣಿಗೆ ಹಬ್ಬ. ಆದರೆ ಆ ಹೂವಿಗೆ ಎಂದೂ ಹುಳು ಹತ್ತುವುದಿಲ್ಲ.

ಹುಳು ಹತ್ತಿದ ಹೂವನ್ನು ಬರೆಯುವುದು ಬೇರೊಂದು ವಿದ್ಯೆ. 1647ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಮರಿಯಾ ಸಿಬಿಲಾ ಮೇರಿಯನ್ ಎಂಬಾಕೆ ಹುಳುಗಳನ್ನು ಮನೆಯಲ್ಲಿ ಸಾಕಿ, ಅವು ರೂಪ ಬದಲಿಸುವುದನ್ನು ಕಣ್ಣಾರೆ ಕಂಡು ಬರೆದಳು. ಐವತ್ತು ದಾಟಿದ ಮೇಲೆ, 1699ರಲ್ಲಿ, ಕಿರಿಯ ಮಗಳೊಡನೆ ಹಡಗೇರಿ ದಕ್ಷಿಣ ಅಮೇರಿಕದ ಸುರಿನಾಮಿಗೆ ಹೋದಳು. 1705ರಲ್ಲಿ ಅಚ್ಚಾದ ಆಕೆಯ ಗ್ರಂಥದಲ್ಲಿ 60 ಪಟಗಳಿವೆ. ಹುಳು, ಕೋಶ, ಪತಂಗ, ಅವುಗಳ ಗಿಡ ಒಂದೇ ಹಾಳೆಯ ಮೇಲೆ. ತಪ್ಪುಗಳಿಲ್ಲವೆಂದಲ್ಲ. ಆದರೂ ನಮ್ಮ ದೇಶದ ಪತಂಗಗಳನ್ನು 1892ರಿಂದ 1896ರವರೆಗೆ ನಾಲ್ಕು ಸಂಪುಟಗಳಲ್ಲಿ ವರ್ಣಿಸಿದ ಹ್ಯಾಂಪ್ಸನ್ ಸಾಹೇಬರ ಚಿತ್ರಗಳಲ್ಲಿ ರೆಕ್ಕೆಯುಂಟು, ಗಿಡವಿಲ್ಲ. ಪಂಡಿತರಿಗೆ ಅದು ಸಾಕು, ಒಕ್ಕಲಿಗನಿಗೆ ಸಾಲದು.

ಏಕೆ ಸಾಲದೆಂಬುದನ್ನು ಭಾಲ್ಕಿ, ಔರಾದಗಳ ಎರೆಹೊಲಗಳಲ್ಲಿ ತೊಗರಿ ಹೂಬಿಟ್ಟಾಗ ನೋಡಬೇಕು. ಕಾಯಿಯೊಳಗೆ ತಲೆ ತೂರಿಸಿ, ಮೈಯನ್ನು ಹೊರಗೆ ಬಿಟ್ಟು ಕಾಳು ತಿನ್ನುವ ಹಸಿರು ಹುಳುವನ್ನು ರೈತನು ಚೆನ್ನಾಗಿ ಬಲ್ಲನು. ರಾತ್ರಿ ದೀಪದ ಬಳಿ ಸುಳಿಯುವ ಮಣ್ಣುಬಣ್ಣದ ಪತಂಗವನ್ನೂ ಕಂಡಿರುತ್ತಾನೆ. ಎರಡೂ ಒಂದೇ ಜೀವವೆಂಬುದು ಮಾತ್ರ ಅವನ ಕಣ್ಣಿಗೆ ಬೀಳುವುದಿಲ್ಲ. ಹುಳು ಕಾಣಿಸಿಕೊಂಡಾಗ ಅರ್ಧ ಬೆಳೆ ಹೋಗಿರುತ್ತದೆ. ನಾವು ಕಾಲೇಜಿನ ಮಂದಿ ಇದನ್ನು ಲ್ಯಾಟಿನ್ ಹೆಸರಿನಿಂದ ವಿವರಿಸಲು ಹೊರಟರೆ ಆತನು ಮರ್ಯಾದೆಗೆ ತಲೆದೂಗಿ ಎದ್ದುಹೋಗುತ್ತಾನೆ.

ಅವನ ಮುಂದೆ ಇಡಬೇಕಾದುದು ಒಂದು ಪಟ. ಬರೆಯುವ ಕೈಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಬೀದರಿನ ಕಸಬುದಾರನ ಗೆರೆ ಎಂದಿಗೂ ನಡುಗಿದುದಿಲ್ಲ. ಆತನು ಬೆಳ್ಳಿಯ ಬಳ್ಳಿಯನ್ನು ಗಳಿಗೆಹೊತ್ತು ಬದಿಗಿಟ್ಟು ತೊಗರಿಯ ಹಳದಿ ಹೂಗೊಂಚಲನ್ನು ಬರೆಯಲಿ. ಮೊಗ್ಗಿನ ಮೇಲೆ ಗಸಗಸೆ ಕಾಳಿಗಿಂತಲೂ ಸಣ್ಣದಾದ ಬಿಳಿಚು ಮೊಟ್ಟೆ, ಒಂದೊಂದಾಗಿ, ಕಾಯಿಯಲ್ಲಿ ಹುಳು, ಮೇಲೆ ಪತಂಗ, ಮುಂದಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆ, ಹಿಂದಿನ ರೆಕ್ಕೆಯಂಚಿಗೆ ಅಗಲವಾದ ಕಪ್ಪು ಪಟ್ಟಿ. ಹಾಳೆಯ ಕೆಳಗೆ ಬೆರಳಗಲ ಕಪ್ಪು ಮಣ್ಣನ್ನು ಬರೆಯಲು ಮರೆಯಬಾರದು. ಕೋಶವಿರುವುದು ಅಲ್ಲಿಯೆ.