ನಾಗಬನವೂ ಊರ ಹಕ್ಕಿಗಳೂ



ಪಕ್ಷಿರಾಜನ ಹೆಸರನ್ನು ಹೊತ್ತ ನದಿಯೊಂದು ನಮ್ಮ ಕರಾವಳಿಯಲ್ಲಿ ಹರಿಯುತ್ತಿದೆ. ಸುಪರ್ಣನೆಂದರೆ ಗರುಡ, ಅವನು ತಪಸ್ಸು ಮಾಡಿದುದರಿಂದ ನದಿಗೆ ಸೌಪರ್ಣಿಕೆಯೆಂಬ ಹೆಸರು ಬಂದಿತೆಂಬುದು ಸ್ಥಳಪುರಾಣ. ಬೈಂದೂರು ಸೀಮೆಯನ್ನು ಹಾದು ಬರುವ ಈ ನದಿಯು ಗಂಗೊಳ್ಳಿಯ ಬಳಿ ವಾರಾಹಿ ಮೊದಲಾದ ಇತರ ಹೊಳೆಗಳೊಡನೆ ಕೂಡಿ ಕಡಲನ್ನು ಸೇರುತ್ತದೆ. ಆ ಅಳಿವೆಯ ತೆಂಕಣ ದಡದಲ್ಲಿಯೇ ಕುಂದಾಪುರ ಪಟ್ಟಣವಿರುವುದು.

ಹಕ್ಕಿಗಳನ್ನು ಕಾಣಬೇಕಾದರೆ ಕಾಡಿಗೆ ಹೋಗಬೇಕೆಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಕುಂದಾಪುರದವರಿಗೆ ಆ ಪ್ರಯಾಸ ಬೇಕಿಲ್ಲ. ಇಳಿತದ ಹೊತ್ತಿನಲ್ಲಿ ಕೆಸರು ತೋರಿತೆಂದರೆ ಬೆಳ್ಳಕ್ಕಿಗಳು ಇಳಿಯುತ್ತವೆ. ಕಾಂಡ್ಲ ಗಿಡಗಳ ಕೊಂಬೆಯಲ್ಲಿ ಮಿಂಚುಳ್ಳಿ ಕಾದಿರುತ್ತದೆ. ಚಳಿಗಾಲದಲ್ಲಿ ಮಧ್ಯ ಏಷ್ಯದ ಪ್ರಸ್ಥಭೂಮಿಯಿಂದ ಕಂದುತಲೆಯ ಕಡಲಕ್ಕಿಗಳು ಈ ಕರಾವಳಿಗೆ ಅತಿಥಿಗಳಾಗಿ ಬರುತ್ತವೆ. ಬ್ರಹ್ಮಾವರದ ಕಡೆಯ ಹಂಗಾರಕಟ್ಟೆಯ ಅಳಿವೆಯೂ ಇಂತಹುದೇ ತಾಣ.

ಆದರೆ ಉಣ್ಣಲು ನೀರಿನ ದಡವಿದ್ದರೆ ಸಾಲದು. ಗೂಡು ಕಟ್ಟಲು ಮರ ಬೇಕು. ಬಿಳಿಹೊಟ್ಟೆಯ ಕಡಲಹದ್ದು ಎತ್ತರವಾದ ಮರವನ್ನೇ ಆರಿಸಿ, ಅದೇ ಗೂಡಿಗೆ ವರ್ಷವರ್ಷವೂ ಕಡ್ಡಿಗಳನ್ನು ಸೇರಿಸುತ್ತ ಬಾಳುತ್ತದೆ. ಹೆದ್ದಾರಿ 66ರ ವಿಸ್ತರಣೆಯಲ್ಲಿ ಸಾಲುಮರಗಳು ಉರುಳಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಹಳೆಯ ಮರವೊಂದು ಹೋಯಿತೆಂದರೆ ಅನೇಕ ವರ್ಷಗಳ ಸಂಸಾರವೇ ಹೋದಂತೆ.

ಹೀಗಿರುವಾಗ ಊರೊಳಗೆ ಉಳಿದಿರುವ ದೊಡ್ಡ ಆಸರೆಯೆಂದರೆ ನಾಗಬನ. ಪುರಾಣದಲ್ಲಿ ಗರುಡನಿಗೂ ನಾಗನಿಗೂ ಹಗೆ. ವ್ಯವಹಾರದಲ್ಲಾದರೋ ನಾಗನ ಬನವೇ ಗರುಡನ ಕುಲಕ್ಕೆ ಅಭಯಸ್ಥಾನ! ಬನಕ್ಕೆ ಕತ್ತಿ ತಾಗಿಸಬಾರದೆಂಬ ಹಿರಿಯರ ಕಟ್ಟಳೆ ಅದನ್ನು ಕಾಯ್ದುಕೊಂಡು ಬಂದಿದೆ. ಗೋಳಿ, ಅತ್ತಿ ಮುಂತಾದ ಮರಗಳು ಎಲ್ಲವೂ ಒಮ್ಮೆಲೇ ಹಣ್ಣಾಗುವುದಿಲ್ಲ. ಆದುದರಿಂದ ಬೇರೆ ಹಣ್ಣಿಲ್ಲದ ದಿನಗಳಲ್ಲಿಯೂ ಕೋಗಿಲೆಗೂ ಹಸಿರು ಪಾರಿವಾಳಕ್ಕೂ ಅಲ್ಲಿ ಊಟವಿರುತ್ತದೆ. ಒಣಗಿದ ಕೊಂಬೆಯನ್ನು ಕುಟುರ ಹಕ್ಕಿ ಕೊರೆದು ಮನೆಮಾಡುತ್ತದೆ. ಅದು ಬಿಟ್ಟ ಪೊಟರೆಯಲ್ಲಿ ಗೊರವಂಕವೋ ಮಡಿವಾಳ ಹಕ್ಕಿಯೋ ಮರಿಮಾಡೀತು. ನಮಗೆ ನಿರುಪಯೋಗವೆಂದು ತೋರುವ ಒಣಕೊಂಬೆಯೂ ಒಬ್ಬರ ಬಳಿಕ ಒಬ್ಬರಿಗೆ ಬಾಡಿಗೆಯಿಲ್ಲದ ಮನೆ.

ಈಚಿನ ವರ್ಷಗಳಲ್ಲಿ ಭಕ್ತಿಯ ಹೆಸರಿನಲ್ಲಿಯೇ ಅನೇಕ ಬನಗಳ ಮರಗಳನ್ನು ತೆಗೆದು, ಸಿಮೆಂಟಿನ ಕಟ್ಟೆ ಕಟ್ಟಿ, ನೆಲಕ್ಕೆ ಹಾಸುಗಲ್ಲು ಹಾಕಿಸುವುದು ರೂಢಿಯಾಗುತ್ತಿದೆ. ಕಲ್ಲು ಉಳಿಯಿತು, ಬನ ಹೋಯಿತು. ನಾಗನಿಗೆ ಬೇಕಾದುದು ತಂಪಾದ ನೆರಳೇ ಹೊರತು ಕಾದ ಕಟ್ಟೆಯಲ್ಲವೆಂಬುದನ್ನು ಕುಟುಂಬದ ಹಿರಿಯರು ಆಲೋಚಿಸಬೇಕು. ಜೀರ್ಣೋದ್ಧಾರ ಮಾಡುವವರು ಪೂಜೆಗೆ ಬೇಕಾದಷ್ಟು ಜಾಗವನ್ನು ಮಾತ್ರ ಹಸನುಮಾಡಿ, ಉಳಿದುದನ್ನು ಬಿಡಬಹುದು. ಹೋದ ಮರದ ಬದಲಿಗೆ ಊರಿನದೇ ಸಸಿ ನೆಡಬಹುದು.

ಉಳಿಸುವುದಕ್ಕೆ ಮೊದಲು ಬಲ್ಲವರಾಗಬೇಕು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಣತಿಯು 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, 2013ರಿಂದ ಭಾರತದಲ್ಲಿಯೂ ನಡೆಯುತ್ತಿದೆ. ಕೇವಲ 15 ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಬರೆದರಾಯಿತು. ನಿಮ್ಮ ಮನೆತನದ ಬನದ ಅಂಚಿನಲ್ಲಿ ಮಕ್ಕಳೊಡನೆ ನಿಂತು ಈ ಎಣಿಕೆ ಮಾಡಿರಿ. ಹೆಸರು ಬಲ್ಲ ಹಕ್ಕಿಯ ಮರಕ್ಕೆ ಕೊಡಲಿಯೆತ್ತಲು ಯಾರಿಗೂ ಸುಲಭವಾಗಿ ಕೈ ಬಾರದು.