ಕಪ್ಪು-ಬಿಳುಪು ಕಾಯ್ದ ಮಾನ

ಈ ಚೆನ್ನೈ ಮಹಾನಗರದಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಹಿರಿಯರೇ, ತಾಯಂದಿರೇ, ಈ ಭಾಷಣ ಎಷ್ಟು ಹೊತ್ತಿಗೆ ಮುಗಿಯಬಹುದು ಎಂದು ಹಿಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತಿರುವ ಗೆಳೆಯರೇ,

ಕನ್ನಡ ಸಂಘದ ವಾರ್ಷಿಕೋತ್ಸವ ಎಂದರೆ ಭಾಷಣ ಪಂಪನಿಂದ ಹೊರಟು ಜ್ಞಾನಪೀಠದಲ್ಲಿ ಇಳಿಯಬೇಕು ಎಂಬ ಪದ್ಧತಿ ಇದೆ. ಇವತ್ತು ಆ ಹೆದ್ದಾರಿ ಬಿಟ್ಟು ಇಲ್ಲೇ ಹತ್ತಿರ, ಸಿನಿಮಾ ಸ್ಟುಡಿಯೋಗಳಿದ್ದ ಕೋಡಂಬಾಕ್ಕಂ, ವಡಪಳನಿ ಕಡೆಗೆ ಹೋಗಿ ಬರೋಣ. ನಾನು ಹೇಳಹೊರಟಿರುವುದು ಕಾಸಿಲ್ಲದ ಕಾಲದ ಕಪ್ಪು-ಬಿಳುಪು ಸಿನಿಮಾ ವಿಷಯ. ಅದನ್ನು ಹೇಳಲು ಬೆಂಗಳೂರಿಗಿಂತ ಈ ಊರೇ ಸರಿಯಾದ ಜಾಗ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು, ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಆಮೇಲೆ ಕನ್ನಡ ಸಿನಿಮಾ ಕೈಕಾಲು ಬಲಿತದ್ದು ಬಹುಪಾಲು ಈ ಮದರಾಸಿನಲ್ಲಿ. ಎವಿಎಂ, ವಾಹಿನಿ, ಬಿ.ಎಸ್. ರಂಗಾ ಅವರ ವಿಕ್ರಂ ಸ್ಟುಡಿಯೋ, ಇವುಗಳ ಫ್ಲೋರುಗಳಲ್ಲಿ ನಮ್ಮ ಎಷ್ಟೋ ಅರಮನೆಗಳು, ಅಡುಗೆಮನೆಗಳು, ಕೈಲಾಸಗಳು ಎದ್ದು ಬಿದ್ದಿವೆ. ವಾಹಿನಿಯ ಜಾಗದಲ್ಲಿ ಈಗ ಆಸ್ಪತ್ರೆ ಇದೆ, ಮಾಲ್ ಇದೆ. ನಿಮ್ಮಲ್ಲಿ ಯಾರಾದರೂ ಅಲ್ಲಿ ಬಿ.ಪಿ. ತೋರಿಸಲು ಹೋದರೆ ಒಂದು ನಿಮಿಷ ನಿಂತು ನೋಡಿ, ಬಹುಶಃ ಯಾವುದೋ ಮಹಾರಾಜನ ದರ್ಬಾರಿನಲ್ಲೇ ನಿಂತಿರುತ್ತೀರಿ.

ಮದರಾಸಿನಲ್ಲಿ ತಮಿಳು, ತೆಲುಗು ಚಿತ್ರಗಳಿಗೆ ದೊಡ್ಡ ಮಾರುಕಟ್ಟೆ ಇತ್ತು. ಕನ್ನಡದ್ದು ಚಿಕ್ಕದು. ಚಿತ್ರಮಂದಿರ ಕಡಿಮೆ, ಹಾಗಾಗಿ ಬಂಡವಾಳವೂ ಕಡಿಮೆ. ಒಂದು ಲೆಕ್ಕ ಹೇಳುತ್ತೇನೆ. 35 ಎಂ.ಎಂ. ಫಿಲ್ಮು ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಚೌಕಟ್ಟಿನಂತೆ, ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರ ಎಂದರೆ 13,500 ಅಡಿ. ಇದು ತೆರೆಯ ಮೇಲೆ ಕಾಣುವ ಲೆಕ್ಕ ಮಾತ್ರ, ಕೆಟ್ಟ ಟೇಕುಗಳದು ಬೇರೆ ಖಾತೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಕೆಲಸ ಶುರುಮಾಡುವ ತನಕ ಫಿಲ್ಮು ಎಂದರೆ ವಿದೇಶದಿಂದ ಬರಬೇಕಾದ ಸರಕು. ಈಗ ಊಹಿಸಿಕೊಳ್ಳಿ: ನಾಯಕಿಯ ಎದುರು ನಾಯಕ ಹತ್ತು ಸೆಕೆಂಡು ಮಾತು ಮರೆತು ನಿಂತರೆ ಹದಿನೈದು ಅಡಿ ಹೋಯಿತು. ಮುದಿ ರಾಜನ ಪಾತ್ರಧಾರಿಗೆ ನಿಜವಾಗಿಯೂ ಕೆಮ್ಮು ಬಂದರೆ ಮೂರು ಅಡಿ. ಪ್ರೇಕ್ಷಕರು ವಿರಹದ ದೃಶ್ಯಕ್ಕೆ ಕಣ್ಣೀರು ಹಾಕುತ್ತಿದ್ದರು. ನಿರ್ಮಾಪಕ ಅದಕ್ಕೂ ಮೊದಲೇ, ಚಿತ್ರೀಕರಣದ ದಿನವೇ, ಅದೇ ದೃಶ್ಯಕ್ಕೆ ಬೇರೆ ಕಾರಣದಿಂದ ಅತ್ತು ಮುಗಿಸಿರುತ್ತಿದ್ದ.

ಈ ಲೆಕ್ಕ ಗೊತ್ತಾದ ಮೇಲೆ, ಆ ಕಾಲದ ನಮ್ಮ ನಟರಲ್ಲಿ ಹೆಚ್ಚಿನವರು ನಾಟಕ ಕಂಪನಿಗಳಿಂದಲೇ ಯಾಕೆ ಬಂದರು ಎಂಬುದೂ ಗೊತ್ತಾಗುತ್ತದೆ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಇವರೆಲ್ಲ ಕಂಪನಿ ನಾಟಕಗಳ ಗರಡಿಯಲ್ಲಿ ತಯಾರಾದವರು. ರಂಗದ ಮೇಲೆ ರೀಟೇಕ್ ಇಲ್ಲ. ಮೀಸೆ ಉದುರಿದರೂ ಮಾತು ನಿಲ್ಲಿಸುವಂತಿಲ್ಲ. ಪುಟಗಟ್ಟಲೆ ಸಂಭಾಷಣೆ ಬಾಯಲ್ಲೇ ಇಟ್ಟುಕೊಂಡು, ಒಂದೇ ಉಸಿರಿಗೆ ಒಪ್ಪಿಸಿ, ಸರಿಯಾದ ಕಡೆ ಕಣ್ಣು ತುಂಬಿಕೊಳ್ಳುವ ನಟ ಸಿಕ್ಕಿದರೆ ಬಡ ನಿರ್ಮಾಪಕನಿಗೆ ಅದೇ ಬಂಡವಾಳ. ಇದೇ ನಾಲ್ವರು ಕೆಲಸವಿಲ್ಲದ ಹೊತ್ತಿನಲ್ಲಿ ಕಲಾವಿದರ ಸಂಘ ಕಟ್ಟಿಕೊಂಡು, ಊರೂರು ತಿರುಗಿ ನಾಟಕ ಆಡಿ, 1960ರಲ್ಲಿ ‘ರಣಧೀರ ಕಂಠೀರವ’ ಎಂಬ ಐತಿಹಾಸಿಕ ಚಿತ್ರವನ್ನೇ ತಯಾರಿಸಿದರು. ಕೈಯಲ್ಲಿ ಕಾಸಿಲ್ಲದವರು ಸಾಮಾನ್ಯವಾಗಿ ಒಂದು ಮನೆಯೊಳಗೆ ಮುಗಿಯುವ ಕಥೆ ಹುಡುಕುತ್ತಾರೆ. ಇವರು ಹುಡುಕಿದ್ದು ಮೈಸೂರಿನ ಮಹಾರಾಜನನ್ನು!

ಆ ಧೈರ್ಯ ಎಲ್ಲಿಂದ ಬಂತು? ನನ್ನ ಉತ್ತರ ಇದು: ಕಪ್ಪು-ಬಿಳುಪಿನಿಂದ. ಬಡತನವನ್ನು ಮುಚ್ಚಿಡುವ ಗುಣ ಆ ಫಿಲ್ಮಿಗೇ ಇತ್ತು. ಕಿರೀಟ ರಟ್ಟಿನದ್ದೋ ಬಂಗಾರದ್ದೋ, ಕ್ಯಾಮೆರಾ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಹೊಳಪು ಮಾತ್ರ. ರಾಣಿಯ ಸೀರೆ ಕಡುಗೆಂಪೋ ಎಲೆಹಸಿರೋ, ತೆರೆಯ ಮೇಲೆ ಎರಡೂ ಒಂದೇ ಬೂದು ಆಗಿ ಕೂರಬಹುದು. ನಿನ್ನೆ ಬೇರೊಂದು ಚಿತ್ರದ ಜಮೀನ್ದಾರನ ಮನೆಯಾಗಿದ್ದ ಸೆಟ್ಟಿನ ಕಂಬಕ್ಕೆ ಇವತ್ತು ಬೇರೆ ನೆರಳು ಬಿದ್ದರೆ ಅದು ದೇವಸ್ಥಾನ. ಮೂಲೆ ಹರಿದ ಪರದೆಯಿದ್ದರೆ ಆ ಮೂಲೆಗೆ ಬೆಳಕು ಬಿಡದಿದ್ದರಾಯಿತು. ಕತ್ತಲೆಗೆ ಬಾಡಿಗೆ ಇಲ್ಲ.

ರಾತ್ರಿ ದೃಶ್ಯವನ್ನು ನೋಡಿ. ನಿಜವಾದ ರಾತ್ರಿಯಲ್ಲಿ ಹೊರಗೆ ಚಿತ್ರೀಕರಿಸಲು ಜನರೇಟರ್ ಬೇಕು, ದೊಡ್ಡ ದೀಪಗಳು ಬೇಕು, ಅವನ್ನು ಹೊರುವ ಜನ ಬೇಕು. ಅದರ ಬದಲು ನಡುಹಗಲಲ್ಲೇ ಲೆನ್ಸಿನ ಮುಂದೆ ಒಂದು ಕೆಂಪು ಫಿಲ್ಟರ್ ಇಟ್ಟರೆ ನೀಲಿ ಆಕಾಶ ಕಪ್ಪಾಗುತ್ತದೆ. ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ ತೆಗೆದರೆ ಸುಡುವ ಬಿಸಿಲೇ ಬೆಳದಿಂಗಳು. ಹಾಗೆ ಬಿಸಿಲಲ್ಲಿ ಬೆವರುತ್ತಾ ಬೆಳದಿಂಗಳಿನ ಯುಗಳಗೀತೆ ಹಾಡಿದ ನಾಯಕ ನಾಯಕಿಯರು ಎಷ್ಟು ಜನವೋ! ಹಳೆಯ ಚಿತ್ರ ನೋಡುವಾಗ ಬೆಳದಿಂಗಳಿನಲ್ಲಿ ನಾಯಕ ಕಣ್ಣು ಕಿರಿದು ಮಾಡಿಕೊಂಡಿದ್ದರೆ ಅದನ್ನು ಪೂರ್ತಿ ಪ್ರೇಮದ ಖಾತೆಗೆ ಬರೆಯಬೇಡಿ.

ಇನ್ನು ಕಾರಿನ ದೃಶ್ಯ. ಕಾರು ಸ್ಟುಡಿಯೋದಲ್ಲಿ ನಿಂತೇ ಇರುತ್ತದೆ. ಹಿಂದಿನ ಪರದೆಯ ಮೇಲೆ ರಸ್ತೆಯ ಚಿತ್ರ ಓಡುತ್ತದೆ. ಅದಕ್ಕೂ ಅನುಕೂಲ ಇಲ್ಲದಿದ್ದರೆ ಇಬ್ಬರು ಬಂಪರ್ ಹಿಡಿದು ಅಲ್ಲಾಡಿಸುತ್ತಾರೆ, ಇನ್ನೊಬ್ಬ ದೀಪದ ಮುಂದೆ ಮರದ ಕೊಂಬೆ ಹಿಡಿದು ಆಚೀಚೆ ಓಡಾಡುತ್ತಾನೆ. ರಸ್ತೆ ನೆಟ್ಟಗಿದ್ದರೂ ನಾಯಕ ಸ್ಟಿಯರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇರುತ್ತಾನೆ. ನಾರದ ಮಾಯವಾಗಬೇಕೇ? ಕ್ಯಾಮೆರಾ ನಿಲ್ಲಿಸಿ, ಉಳಿದವರೆಲ್ಲ ಉಸಿರು ಬಿಗಿಹಿಡಿದು ಹಾಗೆಯೇ ನಿಂತಿರಬೇಕು. ನಾರದರು ತಂಬೂರಿ ಎತ್ತಿಕೊಂಡು ನಡೆದೇ ಹೊರಗೆ ಹೋಗುತ್ತಾರೆ. ಮತ್ತೆ ಕ್ಯಾಮೆರಾ ಓಡುತ್ತದೆ. ದ್ವಿಪಾತ್ರವಾದರೆ ಲೆನ್ಸಿನ ಅರ್ಧ ಮುಚ್ಚಿ ಅಣ್ಣನನ್ನು ತೆಗೆಯುವುದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ತಮ್ಮನನ್ನು ತೆಗೆಯುವುದು. ನಡುವೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಅಣ್ಣ ಉತ್ಸಾಹದಲ್ಲಿ ಕೈ ಚಾಚಿ ಗಡಿ ದಾಟಿದರೆ ಅಂಗೈ ಗಾಳಿಯಲ್ಲಿ ಕರಗಿಹೋಗುತ್ತದೆ.

ರಕ್ತದ ವಿಷಯವೂ ಹಾಗೆಯೇ. 1954ರ ‘ಬೇಡರ ಕಣ್ಣಪ್ಪ’ ನೆನಪಿಸಿಕೊಳ್ಳಿ. ಭಕ್ತ ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಕೊಡುವ ಕಥೆ. ತೆರೆಯ ಮೇಲೆ ರಕ್ತ ಎಂದರೆ ಒಂದಿಷ್ಟು ಕಪ್ಪು ಒದ್ದೆ, ಅಷ್ಟೇ. ಅದೇ ದೃಶ್ಯ ಕೆಂಪಾಗಿ ಸುರಿದಿದ್ದರೆ ಪ್ರೇಕ್ಷಕ ಮುಖ ತಿರುಗಿಸುತ್ತಿದ್ದ. ಕಪ್ಪಾಗಿದ್ದುದರಿಂದ ಕೈಮುಗಿದ. ಈ ಗುಟ್ಟು ಹಾಲಿವುಡ್ಡಿಗೂ ಗೊತ್ತಿತ್ತು. ಹಿಚ್‌ಕಾಕ್ ಬಣ್ಣದ ಚಿತ್ರಗಳನ್ನು ಮಾಡಿ ಹೆಸರಾದ ಮೇಲೆ, 1960ರಲ್ಲಿ ‘ಸೈಕೋ’ವನ್ನು ಕಡಿಮೆ ಖರ್ಚಿನಲ್ಲಿ, ತಮ್ಮ ಟೆಲಿವಿಷನ್ ತಂಡವನ್ನು ಕಟ್ಟಿಕೊಂಡು ಕಪ್ಪು-ಬಿಳುಪಿನಲ್ಲೇ ತೆಗೆದರು. ಅಲ್ಲಿ ಸ್ನಾನದ ಮನೆಯಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಜಗತ್ತನ್ನೇ ನಡುಗಿಸಿದ ಆ ಕೊಲೆಯ ರಕ್ತವನ್ನು ಆಮೇಲೆ ಐಸ್‌ಕ್ರೀಮಿಗೆ ಹಾಕಿಕೊಂಡು ತಿನ್ನಬಹುದಿತ್ತು.

ಇಷ್ಟು ಕೇಳಿ ಕಪ್ಪು-ಬಿಳುಪು ಸುಲಭ ಎಂದುಕೊಳ್ಳಬೇಡಿ. ಬಣ್ಣದ ಚಿತ್ರದಲ್ಲಿ ಮುಖವೂ ಗೋಡೆಯೂ ಬಣ್ಣದಿಂದಲೇ ಬೇರೆಯಾಗುತ್ತವೆ. ಇಲ್ಲಿ ಎರಡರ ಬೂದು ಒಂದೇ ಆಗಿಬಿಟ್ಟರೆ ನಾಯಕಿ ಗೋಡೆಯೊಳಗೆ ಸೇರಿಹೋಗುತ್ತಾಳೆ. ಅದಕ್ಕೇ ಹಿಂದಿನಿಂದ ಒಂದು ದೀಪ ಬಿಟ್ಟು ತಲೆಗೂದಲಿಗೂ ಭುಜಕ್ಕೂ ಬೆಳಕಿನ ಅಂಚು ಕಟ್ಟುತ್ತಿದ್ದರು. ಹಳೆಯ ನಾಯಕಿಯರ ಸುತ್ತ ಕಾಣುವ ಪ್ರಭೆಯಲ್ಲಿ ಅರ್ಧ ಪಾಲು ಲೈಟ್‌ಬಾಯ್‌ಗೆ ಸಲ್ಲಬೇಕು. ಅಪ್ಪಟ ಬಿಳಿ ಬಟ್ಟೆ ದೀಪಕ್ಕೆ ಕಣ್ಣು ಕುಕ್ಕುತ್ತದೆ ಎಂದು ಅದನ್ನು ತಿಳಿಬಣ್ಣದಲ್ಲಿ ಅದ್ದಿ ತೆಗೆಯಬೇಕಿತ್ತು. ಮಳೆ ಸುರಿಸಿದರೆ ಸಾಲದು, ಹಿಂದಿನಿಂದ ಬೆಳಕು ಬೀಳದಿದ್ದರೆ ಹನಿಯೇ ಕಾಣುವುದಿಲ್ಲ. ಕಾಸಿಲ್ಲದ ಕಡೆ ಇಷ್ಟನ್ನೆಲ್ಲ ಕ್ಯಾಮೆರಾ ಚಾಲೂ ಆಗುವ ಮೊದಲೇ ಯೋಚಿಸಿ ಮುಗಿಸಬೇಕಿತ್ತು.

ಹಾಸ್ಯನಟರ ಮಾತು ಇಲ್ಲಿ ಬರಲೇಬೇಕು. ಅರಮನೆಗೆ ಸೆಟ್ ಬೇಕು, ಯುದ್ಧಕ್ಕೆ ಕುದುರೆ ಬೇಕು. ನಗುವಿಗೆ ನರಸಿಂಹರಾಜು ಅವರ ಹಲ್ಲು ಸಾಕು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯನ್ನೇ ನೋಡಿ ಮಾತು ಹಿಡಿಯುತ್ತಿದ್ದರು. ಆದರೂ ಅವರ ಮಾತಿನ ತಾಳ ತಪ್ಪಿದ್ದು ನಮಗೆ ಗೊತ್ತಾಗುವುದೇ ಇಲ್ಲ. ಈ ಇಬ್ಬರೂ ಎದುರುಬದುರು ನಿಂತರೆ ಹಿಂದಿನ ಗೋಡೆ ಬಟ್ಟೆಯದ್ದೋ ಇಟ್ಟಿಗೆಯದ್ದೋ ಎಂದು ನೋಡುವ ವ್ಯವಧಾನ ಯಾರಿಗಿತ್ತು? ನಗುತ್ತಿರುವ ಪ್ರೇಕ್ಷಕ ಸೆಟ್ಟಿನ ತಪ್ಪು ಹುಡುಕುವುದಿಲ್ಲ.

ಕಾಸಿಲ್ಲದೆಯೂ ದೊಡ್ಡದಕ್ಕೆ ಕೈಹಾಕುವ ಈ ಧೈರ್ಯದ ತುತ್ತತುದಿ ನನ್ನ ಮಟ್ಟಿಗೆ 1968ರ ‘ಜೇಡರ ಬಲೆ’. ಜೇಮ್ಸ್ ಬಾಂಡ್ ಎಂದರೆ ಬಣ್ಣ, ಸಮುದ್ರ, ವಿಮಾನ, ಕೋಟಿಗಟ್ಟಲೆ ಹಣ. ದೊರೈ-ಭಗವಾನ್ ಜೋಡಿ ಅದನ್ನು ಕಪ್ಪು-ಬಿಳುಪಿನಲ್ಲಿ, ಕನ್ನಡದ ಅಳತೆಗೆ ಹೊಲಿದರು. ಜೋಡಿಯಲ್ಲಿ ದೊರೈರಾಜ್ ಅವರು ಸ್ವತಃ ಛಾಯಾಗ್ರಾಹಕರು, ಹಾಗಾಗಿ ಕ್ಯಾಮೆರಾಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂಬುದು ನಿರ್ದೇಶಕರಿಗೇ ಗೊತ್ತಿತ್ತು. ಹಿಂದಿನ ದಿನದ ತನಕ ದೇವರು, ರಾಜ, ಭಕ್ತನಾಗಿದ್ದ ರಾಜ್‌ಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದು ಸಿಐಡಿ 999 ಆದರು. ಬಾಂಡ್‌ಗಿಂತ ಎರಡು ಅಂಕಿ ಮುಂದೆ ಎಂದುಕೊಳ್ಳಿ! ಜನ ಒಪ್ಪಿದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು, ಮರುವರ್ಷ ಇನ್ನೊಂದು.

ಹಾಗೆಂದು ಬಡತನಕ್ಕೆ ಹಾರ ಹಾಕುವುದು ಬೇಡ. ಕಾಸಿಲ್ಲದೆ ಮಾಡಿದ ಎಲ್ಲವೂ ಕಲೆಯಾಗಲಿಲ್ಲ. ಅಲ್ಲಾಡುವ ಬಂಡೆ, ಜೋತುಬಿದ್ದ ಗಡ್ಡ, ಮೂರು ಜನರ ಮಹಾಸೈನ್ಯ, ಇವೂ ನಮ್ಮ ಪರಂಪರೆಯೇ. ಬೆಳಕು ಹೊತ್ತವರಿಗೆ, ಕಿರೀಟ ಅಂಟಿಸಿದವರಿಗೆ ಕೂಲಿ ಕಡಿಮೆಯೇ ಇತ್ತು, ಹೆಸರಂತೂ ತೆರೆಯ ಮೇಲೆ ಬರಲೇ ಇಲ್ಲ. ನಾವು ಮೆಚ್ಚಬೇಕಾದದ್ದು ಅವರ ಕೈಚಳಕವನ್ನು.

ಇನ್ನೊಂದು ಸಂಗತಿ. 1964ರಲ್ಲೇ ರಂಗಾ ಅವರು ‘ಅಮರಶಿಲ್ಪಿ ಜಕಣಾಚಾರಿ’ಯನ್ನು ಪೂರ್ತಿ ಬಣ್ಣದಲ್ಲಿ ತಂದರು. ಆಮೇಲೆ ಕಪ್ಪು-ಬಿಳುಪು ಬರಿಯ ಅನಿವಾರ್ಯವಾಗಿ ಉಳಿಯಲಿಲ್ಲ, ಕೆಲವರಿಗೆ ಅದು ಭಾಷೆಯಾಯಿತು. ಅಂಥದ್ದೊಂದು ಚಿತ್ರ 1970ರ ‘ಸಂಸ್ಕಾರ’, ಅದಕ್ಕೂ ಈ ಊರಿಗೂ ನಂಟಿದೆ. ಪಟ್ಟಾಭಿರಾಮ ರೆಡ್ಡಿಯವರ ಈ ಚಿತ್ರದಲ್ಲಿ ಪ್ರಾಣೇಶಾಚಾರ್ಯನ ಪಾತ್ರ ಮಾಡಿದ ಗಿರೀಶ ಕಾರ್ನಾಡರು ಆಗ ಇಲ್ಲಿನ ಪ್ರಕಾಶನ ಸಂಸ್ಥೆಯೊಂದರ ನೌಕರಿಯಲ್ಲಿದ್ದುಕೊಂಡು ಮದ್ರಾಸ್ ಪ್ಲೇಯರ್ಸ್ ತಂಡದಲ್ಲಿ ನಾಟಕ ಆಡಿದವರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಹತ್ತಿರದ ವೈಕುಂಠಪುರದ ಅಗ್ರಹಾರವೇ ಸೆಟ್. ಮದರಾಸಿನ ಸೆನ್ಸಾರ್ ಮೊದಲು ತಡೆದ ಆ ಚಿತ್ರವೇ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. 1975ಕ್ಕೆ ಬಿ.ವಿ. ಕಾರಂತರ ‘ಚೋಮನ ದುಡಿ’, 1977ಕ್ಕೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಅದೇ ಪ್ರಶಸ್ತಿ ತಂದವು. ಮೂರೂ ಕಪ್ಪು-ಬಿಳುಪು, ಮೂರೂ ಸಣ್ಣ ಖರ್ಚಿನವು.

ಈಗ ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’ಗಳಿಗೆ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದಿದ್ದಾರೆ. ಹೊಸಬರು ಆ ನೆಪದಲ್ಲಾದರೂ ನೋಡಿದ್ದು ಸಂತೋಷವೇ. ಆದರೆ ಅಲ್ಲಿನ ಸೀರೆ, ಗೋಡೆ, ನೆರಳು ಎಲ್ಲವನ್ನೂ ಆರಿಸಿದ್ದು ಬೂದಿನಲ್ಲಿ ಹೇಗೆ ಕಾಣುತ್ತದೆ ಎಂದು ಲೆಕ್ಕಹಾಕಿ. ಆದ್ದರಿಂದ ಒಮ್ಮೆ ಬಣ್ಣದಲ್ಲಿ ನೋಡಿದವರು ಇನ್ನೊಮ್ಮೆ ಮೂಲದಲ್ಲೂ ನೋಡಬೇಕು.

ಮೂಲ ಉಳಿದಿದ್ದರೆ, ಎಂಬ ಮಾತೂ ಇದೆ. ‘ಸತಿ ಸುಲೋಚನಾ’ದ ಪ್ರತಿ ಈಗ ಇಲ್ಲ. ‘ಘಟಶ್ರಾದ್ಧ’ದ ಅದೃಷ್ಟ ದೊಡ್ಡದು. ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆಕಂಡಿತು. ಎಲ್ಲ ಚಿತ್ರಗಳಿಗೂ ವೆನಿಸ್ ಸಿಗುವುದಿಲ್ಲ. ಆದರೆ ಈ ಊರಿನಲ್ಲಿ ನೀವಿದ್ದೀರಿ. ನಿಮ್ಮ ಬೀದಿಗಳಲ್ಲಿ ಆ ಸ್ಟುಡಿಯೋಗಳ ದರ್ಜಿಗಳ, ಮೇಕಪ್‌ನವರ, ಸೆಟ್ ಬರೆದವರ, ಲೈಟ್ ಹೊತ್ತವರ ಮನೆಗಳಿವೆ. ಅವರು ಕನ್ನಡದವರೇ ಆಗಿರಬೇಕಿಲ್ಲ, ತಮಿಳರೂ ತೆಲುಗರೂ ನಮ್ಮ ಅರಮನೆಗಳನ್ನು ಕಟ್ಟಿದ್ದಾರೆ.

ಅದಕ್ಕೆ ಸಂಘಕ್ಕೆ ನನ್ನದೊಂದು ಬೇಡಿಕೆ. ಮುಂದಿನ ವಾರ್ಷಿಕೋತ್ಸವದಲ್ಲಿ ಭಾಷಣಕಾರರನ್ನು ಕರೆಯಬೇಡಿ. ಒಂದು ಹಳೆಯ ಕಪ್ಪು-ಬಿಳುಪು ಚಿತ್ರ ಹಾಕಿಸಿ. ಆ ಫ್ಲೋರುಗಳಲ್ಲಿ ಕೆಲಸ ಮಾಡಿದ ಒಬ್ಬ ಹಿರಿಯರನ್ನು, ಯಾವ ಭಾಷೆಯವರಾದರೂ ಸರಿ, ವೇದಿಕೆಗೆ ಕರೆದು ಶಾಲು ಹೊದಿಸಿ. ಚಿತ್ರ ಮುಗಿದ ಮೇಲೆ ಆ ಬೆಳದಿಂಗಳನ್ನು ಹೇಗೆ ಮಾಡಿದಿರಿ ಎಂದು ಮಕ್ಕಳು ಕೇಳಲಿ, ಅವರು ಹೇಳಲಿ, ಯಾರಾದರೂ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಲಿ. ಮನೆಯ ಅಟ್ಟದಲ್ಲಿ ಹಳೆಯ ಹಾಡಿನ ಪುಸ್ತಕ, ಸ್ಟಿಲ್ ಫೋಟೋ, ಪೋಸ್ಟರ್ ಇದ್ದವರು ರದ್ದಿಗೆ ಹಾಕುವ ಮೊದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಲಿ. ಈ ಕೆಲಸಕ್ಕೂ ಹೆಚ್ಚು ಖರ್ಚಿಲ್ಲ, ಅಂದಹಾಗೆ ಅದೇ ನಮ್ಮ ಪರಂಪರೆ.